ಬರುವ ಮೊದಲೇ ಹಾಕಿದ ಸಹಿ

ನೈರೋಬಿಯ ನಮ್ಮ ಔಷಧಿ ಕಾರ್ಖಾನೆಗೆ ಲೈಸೆನ್ಸ್ ಆಡಿಟ್ ಬಂತು. ಯಂತ್ರ ದಿನಾ ತೊಳೆಯುತ್ತಿದ್ದೆವು. ತೊಳೆದದ್ದನ್ನು ಬರೆಯಬೇಕಾದ ಲಾಗ್‌ಬುಕ್ ಮಾತ್ರ ಖಾಲಿ. ಮ್ಯಾನೇಜರ್ ಶ್ರೀಧರ್ ಸಾರ್ ಅಪ್ಪಣೆಯಂತೆ ಎರಡು ವರ್ಷದ್ದನ್ನು ಎರಡೇ ದಿನದಲ್ಲಿ ಬರೆದು ಸಹಿ ಹಾಕಿದೆ. ಹಳೆಯದಾಗಿ ಕಾಣಲಿ ಅಂತ ಪುಟಗಳಿಗೆ ಚಹಾನೂ ಚಿಮುಕಿಸಿದೆ.

ಆಡಿಟರ್ ಒಟಿಯೆನೊ ಹಿಂದೆ ಇತಿಹಾಸದ ಮೇಷ್ಟರಾಗಿದ್ದರಂತೆ. ಪುಟ ಮೂಸಿ ನಕ್ಕರು.

"ಇಂಗ್ಲೆಂಡಿನ ಮಠಗಳಲ್ಲಿ ಸನ್ಯಾಸಿಗಳೂ ಹೀಗೇ ಮಾಡ್ತಿದ್ರು. ಆಂಗ್ಲೋ-ಸ್ಯಾಕ್ಸನ್ ರಾಜರು ಸತ್ತು ಎಷ್ಟೋ ತಲೆಮಾರಾದ ಮೇಲೆ ಅವರ ಹೆಸರಲ್ಲಿ ದಾನಪತ್ರ ಬರೆದು, ಜಮೀನು ನಮ್ಮದು ಅಂತಿದ್ರು. ಕೆಲವು ಸಾಕ್ಷಿಗಳು ಆ ತಾರೀಖಿಗೆ ಹುಟ್ಟೇ ಇರ್ತಿರಲಿಲ್ಲ."

ಆಮೇಲೆ ಮೊದಲ ಪುಟದ ನನ್ನ ಸಹಿಯ ಮೇಲೆ ಬೆರಳಿಟ್ಟರು. "ನೀವು ಕೀನ್ಯಾಗೆ ಬಂದಿದ್ದು ಯಾವಾಗ?"

"ಹೋದ ವರ್ಷ," ಅಂದೆ. ಅಂದ ಮೇಲೆ ಹೊಳೆಯಿತು: ಆ ತಾರೀಖಿಗೆ ನಾನಿನ್ನೂ ದಾವಣಗೆರೆಯಲ್ಲಿದ್ದೆ.

ಶ್ರೀಧರ್ ಸಾರ್ ಹಲ್ಲುಕಿರಿದು ಕೇಳಿದರು: "ಆ ಸನ್ಯಾಸಿಗಳಿಗೆ ಜಮೀನು ದಕ್ಕಿತಾ ಸಾರ್?"

"ಎಷ್ಟೋ ಜನಕ್ಕೆ ದಕ್ಕಿತು. ಆಗ ಆಡಿಟ್ ಮಾಡೋಕೆ ನಾನಿರಲಿಲ್ಲ."

"ಪೋಲೆ ಸಾನಾ" ಅಂತ ಸಂತಾಪ ಹೇಳಿ ಲೈಸೆನ್ಸ್ ತಡೆಹಿಡಿದು ಹೋದರು.

ಈಗ ಆಯಾ ದಿನದ ಸಹಿ ಆಯಾ ದಿನವೇ ಹಾಕುತ್ತೇನೆ. ಚಹಾ ಮಾತ್ರ, ಬೇಡವೆಂದರೂ, ತಾನಾಗಿಯೇ ಚೆಲ್ಲುತ್ತದೆ.