ತಲೆ ತಗ್ಗಿಸಿ ಒದ್ದ ಚೆಂಡು

ನಿನ್ನೆ ನಿಮ್ಮಪ್ಪ ಹೊಸ ಚಪ್ಪಲಿಗೆ ಔಡಲೆಣ್ಣೆ ಸವರುತ್ತಿದ್ದ. ಆ ವಾಸನೆ ಪಡಸಾಲೆಗೆ ಬಂದದ್ದೇ ತಡ, ನನ್ನ ಮುಖ ಬಿಸಿಯಾಯಿತು. ಈ ವಯಸ್ಸಿನಲ್ಲೂ ನಾಚಿಕೆ ಹಾಗೆ ಏರಿ ಬರುತ್ತದೆ ಮೊಮ್ಮಕ್ಕಳೇ...

ಆಗ ನಿಜಾಮರ ಕಾಲ. ಹನುಮಸಾಗರದ ಸಾಲೆಯಲ್ಲಿ ನಮ್ಮ ತರಗತಿಗೆ ನಾನೊಬ್ಬಳೇ ಹುಡುಗಿ. ಹೊಸದಾಗಿ ಬಂದ ಮಾಸ್ತರರು ಗುಲ್ಬರ್ಗಾದಿಂದ ಒಂದು ಚರ್ಮದ ಫುಟ್‌ಬಾಲ್ ತಂದಿದ್ದರು. ಅದಕ್ಕೆ ಔಡಲೆಣ್ಣೆ ತಿಕ್ಕಿ ಬಿಸಿಲಿಗಿಡುತ್ತಿದ್ದರು. ಸಂಜೆ ಹುಡುಗರು ಆಡುವಾಗ ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಒಂದು ದಿನ ನನ್ನನ್ನೂ ಕರೆದರು. ಓಡಿ ಬಂದು ಒದ್ದೆ. ಕಾಲು ಗಾಳಿಗೆ ಹೋಯಿತು, ನಾನು ನೆಲಕ್ಕೆ ಬಿದ್ದೆ, ಲಂಗ ಮೊಣಕಾಲಿನ ಮೇಲೆ ಸರಿಯಿತು. ಹುಡುಗರೆಲ್ಲ ಹೋ ಎಂದು ನಕ್ಕರು.

ಮರುದಿನದಿಂದ ನಾನು ಸಾಲೆಗೆ ಹೋಗಲಿಲ್ಲ. "ಸಾಕು ಬಿಡು ಓದಿದ್ದು, ಮನೀ ಕೆಲಸ ಕಲೀಲಿ" ಎಂದುಬಿಟ್ಟ ಅಪ್ಪ.

ಆಗ ಮಾಸ್ತರರೇ ಮನೆಗೆ ಬಂದರು. ನಾನು ಕಂಬದ ಮರೆಗೆ ನಿಂತೆ.

"ಅಕ್ಕಾರ, ನಿಮ್ಮ ಮಗಳು ಅವಸರ ಮಾಡಿ ಬಿದ್ದಳು ಖರೆ. ಆದ್ರ ಚೆಂಡು ಬಿಟ್ಟು ಕಣ್ಣು ಎತ್ತಲಿಲ್ಲ ನೋಡ್ರಿ. ನನ್ನ ಹುಡುಗ್ರು ಒದಿಯೋ ಮುಂದ ದೂರ ನೋಡ್ತಾರ, ಅದಕ್ಕ ತಪ್ಪತೈತಿ. ತಲಿ ತಗ್ಗಿಸೂದು ಈಕಿಗೆ ಆಗಲೇ ಬರತೈತಿ."

ಅವ್ವ ನಕ್ಕಳು. "ಅದೊಂದು ಭಾಳ ಕಲಿಸೀವ್ರಿ ನಾವು."

ತಲೆ ಎತ್ತಬೇಡ ಎಂದು ಹುಟ್ಟಿದಾಗಿನಿಂದ ಹೇಳಿಸಿಕೊಂಡವಳು ನಾನು. ಅದೂ ಒಂದು ಉಪಯೋಗಕ್ಕೆ ಬರುತ್ತದೆ ಎಂದು ಯಾರೂ ಅಂದಿರಲಿಲ್ಲ...

ಅವ್ವ ಅಪ್ಪನನ್ನು ಒಪ್ಪಿಸಿದಳು. ಕಳೆ ತೆಗೆಯಲು ಹೋಗುವ ಹೆಂಗಸರ ಹಾಗೆ ನನ್ನ ಲಂಗಕ್ಕೆ ಕಚ್ಚೆ ಕಟ್ಟಿ ಕಳಿಸಿದಳು. ಮಾಸ್ತರರ ರೂಢಿಯೇ ಬೇರೆ. ಒದೆಯುವ ಮುಂಚೆ ಚೆಂಡು ಎಲ್ಲಿಗೆ ಹೋಗಬೇಕೆಂದು ಬಾಯಿಬಿಟ್ಟು ಹೇಳಬೇಕು. ತಪ್ಪಿದರೆ, ಈ ಸಲ ಏನು ಸರಿಯಾಯಿತು ಎಂದು ಹೇಳಬೇಕು. "ಬರಂಗಿಲ್ಲ" ಎಂದವರಿಗೆ ಅವತ್ತು ಚೆಂಡು ಇಲ್ಲ. ನಾನು ನೆಲ ನೋಡುತ್ತಾ "ಬೇವಿನ ಗಿಡಕ್ಕ" ಎಂದು ಪಿಸುಗುಟ್ಟುತ್ತಿದ್ದೆ. ತಪ್ಪಿದಾಗ "ಕಾಲು ತಾಗಿತ್ರಿ." ಇನ್ನೊಮ್ಮೆ "ನೆಟ್ಟಗ ಹೋತ್ರಿ, ಮುಟ್ಟಲಿಲ್ಲ." ಹೀಗೆ ಹೇಳುತ್ತಾ ಹೇಳುತ್ತಾ ಬೀಳುವ ಭಯ ಯಾವಾಗ ಹೋಯಿತೋ ತಿಳಿಯಲಿಲ್ಲ. ಒಂದು ಸಂಜೆ ಚೆಂಡು ಹೋಗಿ ಬೇವಿನ ಬೊಡ್ಡೆಗೆ ಬಡಿಯಿತು.

"ಮಾಸ್ತರ, ಗಿಡಾನ ಈ ಕಡೆ ಸರದು ಬಂತೇನ್ರಿ?" ಎಂದ ಒಬ್ಬ ಹುಡುಗ.

"ಬಂತಲೇ. ನೀ ಕರೆದ್ರೂ ಬರತೈತೇನು ನೋಡು ಹೋಗು!" ಎಂದರು ಮಾಸ್ತರರು.

ಈ ಸಲದ ನಗೆ ನನ್ನ ಮೇಲಲ್ಲ. ಆದರೂ ಬಿದ್ದಾಗಿನ ನಾಚಿಕೆಗಿಂತ ಈ ನಾಚಿಕೆಯೇ ದೊಡ್ಡದಾಗಿ, ತಿರುಗಿ ನೋಡದೆ ಸಾಲೆಯೊಳಗೆ ಓಡಿಬಿಟ್ಟೆ.

ನಾಲ್ಕನೆಯ ತರಗತಿ ಮುಗಿಸಿದೆ. ಅದರಿಂದಲೇ ಇವತ್ತು ನಿಮಗೆ ಇಷ್ಟು ಬರೆಯುತ್ತಿದ್ದೇನೆ. ಮಾಸ್ತರರಿಗೆ ಬೇರೆ ಊರಿಗೆ ವರ್ಗವಾಯಿತು. ಬಹಳ ವರ್ಷಗಳ ಮೇಲೆ, ತೀರಿಕೊಂಡರೆಂದು ಯಾರೋ ಹೇಳಿದರು...

"ಅವರು ನೋಡಾಕ ಹ್ಯಾಂಗಿದ್ರು ಆಯಿ?" ಎಂದು ನಿನ್ನೆ ಮಾಸ್ತರರ ಮಾತು ತೆಗೆದಾಗ ನೀವು ಕೇಳಿದಿರಿ. ಒಡೆದ ಹಿಮ್ಮಡಿ, ಧೋತರದ ಅಂಚಿಗೆ ಮೆತ್ತಿದ ಧೂಳು, ಇಷ್ಟು ಹೇಳಬಲ್ಲೆ. ಅವರ ಮುಖವನ್ನು ನಾನು ಒಮ್ಮೆಯೂ ನೋಡಿರಲಿಲ್ಲ.