ನೋಡೋಕೆ ಬಂದವಳು

ಅರವತ್ತೊಂದರ ಕೆರಾನಾ ಪ್ರತಿ ವರ್ಷ ಜೂನ್ ಮೂರರ ಕೆಂಡದ ಹಬ್ಬಕ್ಕೆ ಸ್ಟ್ರಾಂಜಾ ಬೆಟ್ಟದ ತನ್ನ ಹುಟ್ಟೂರಿಗೆ ಬಸ್ಸಿನಲ್ಲಿ ಬರುತ್ತಾಳೆ. ಬಂದು, ಹಗ್ಗದ ಹೊರಗೆ ಪ್ರವಾಸಿಗರ ನಡುವೆ ನಿಲ್ಲುತ್ತಾಳೆ. ಹಗ್ಗದ ಒಳಗೆ ಓಕ್ ಮರದ ಕೆಂಡ. ಸಂತ ಕಾನ್‌ಸ್ಟಂಟೈನ್ ಮತ್ತು ಸಂತ ಎಲೇನಾರ, ಮರದ ಹಿಡಿಯಿರುವ ಪಟವನ್ನು ಎತ್ತಿ ಹಿಡಿದು ಆ ಕೆಂಡದ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದವಳು ಅವಳ ಅಮ್ಮ. ಆ ಪಟವನ್ನು ಒಂದೇ ಒಂದು ಸಲ ಕೈಯಲ್ಲಿ ಹಿಡಿಯಬೇಕು, ಅಷ್ಟೇ ಕೆರಾನಾಳ ಆಸೆ. ನಲವತ್ತು ವರ್ಷದಿಂದ ಅದಕ್ಕೂ ಕಲ್ಲು ಹಾಕಿದವನು ಸೋದರಮಾವ ಸ್ತಾಮಾತ್.

ಅವಳು ಮಾಡಿದ ತಪ್ಪಾದರೂ ಏನು? ಅಮ್ಮ ಹಾಸಿಗೆ ಹಿಡಿದಾಗ ಕಡಲತೀರದ ಹೋಟೆಲೊಂದಕ್ಕೆ ಸೇರಿದಳು. ಊಟಕ್ಕೆ ಕೂತವರ ಎದುರು ವಾರಕ್ಕೆ ಆರು ಸಂಜೆ ಕೆಂಡದ ಮೇಲೆ ಕುಣಿದಳು. ಅಮ್ಮನ ಔಷಧಿ, ಹಾಲು, ಚಳಿಗಾಲದ ಸೌದೆ ಎಲ್ಲ ಅದರಿಂದಲೇ ಬಂತು. ಅದೇ ಸೌದೆಯ ಬೆಂಕಿಗೆ ಕೈ ಕಾಯಿಸಿಕೊಳ್ಳುತ್ತ ಈ ಮಹಾನುಭಾವ ಅಂದಿದ್ದ: "ಸಂತರನ್ನ ಸಾರಿನ ಜೊತೆ ಮಾರ್ಕೊಂಡೋಳು ನೀನು. ಇನ್ಮೇಲೆ ಹಬ್ಬಕ್ಕೆ ಬಂದ್ರೆ ನೋಡೋಕೆ ಬಂದೋರ ಜೊತೆ ನಿಂತ್ಕೋ."

ಅಮ್ಮ ಸತ್ತ ದಿನವೇ ಪಟವನ್ನು ಒಯ್ದು ಊರಿನ ಪ್ರಾರ್ಥನಾ ಮನೆಯಲ್ಲಿಟ್ಟು ಬೀಗ ಜಡಿದ.

ಈ ಸಲ ಬಂದು ನೋಡಿದರೆ ಹಗ್ಗಕ್ಕೆ ಒತ್ತಿಕೊಂಡೇ ಬಿಯರ್ ಅಂಗಡಿ, ಪ್ಲಾಸ್ಟಿಕ್ ಸಂತರ ಅಂಗಡಿ. ಎರಡೂ ಸ್ತಾಮಾತನ ಮಗನವು. ಕೆರಾನಾಳಿಗೆ ಮೈಯೆಲ್ಲ ಉರಿದುಹೋಯಿತು. ಪಕ್ಕದಲ್ಲಿದ್ದ ಪ್ರವಾಸಿ ಹೆಂಗಸು ಕೇಳಿದಳು, "ಅಕ್ಕಾ, ಇದೆಲ್ಲ ನಿಜಾನಾ?"

"ಬಿಯರ್ ನಿಜ. ಮಿಕ್ಕಿದ್ದು ನೋಡೋಣ ಇರು."

ನಗಾರಿ ಶುರುವಾಯಿತು. ಎಷ್ಟು ಬಡಿದರೂ ಯಾರೂ ಬರಲಿಲ್ಲ. ಕೆಂಡದ ಮೇಲೆ ನಡೆಯಬೇಕಿದ್ದ ಸ್ತಾಮಾತನ ಸೊಸೆ ಬೆಳಿಗ್ಗೆ ಮೆಟ್ಟಿಲಿಂದ ಬಿದ್ದು ಕಾಲು ಮುರಿದುಕೊಂಡಿದ್ದಳಂತೆ. ಕೊನೆಗೆ ಎಂಬತ್ತೆರಡರ ಆ ಮುದುಕನೇ ಬೆವರು ಒರೆಸಿಕೊಳ್ಳುತ್ತ ಹಗ್ಗದ ಕೆಳಗೆ ನುಸುಳಿ ಬಂದು ಪಟವನ್ನು ಕೆರಾನಾಳ ಕೈಗಿಟ್ಟ.

"ನೀನೇ ನಡೀಬೇಕು ಕಣೇ. ಬೇರೆ ಯಾರೂ ಇಲ್ಲ."

ಪಟದ ಹಿಡಿಯಲ್ಲಿ ಅಮ್ಮನ ಹೆಬ್ಬೆರಳು ಸವೆಸಿದ ತಗ್ಗು ಇತ್ತು. ಕೆರಾನಾಳ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂತಿತು. ಅವಳ ಕಣ್ಣು ತುಂಬಿ ಬಂತು. ನೆಲದ ಮೇಲೆ ಕೂತು ಒಂದು ಬೂಟು ಬಿಚ್ಚಿದಳು.

ಸ್ತಾಮಾತನಿಗೆ ಹೋದ ಜೀವ ಬಂದಂತಾಯಿತು. "ಒಂಬತ್ತು ಬಸ್ ಜನ ಕಾಯ್ತಿದಾರೆ. ಜಾಸ್ತಿ ಏನೂ ಬೇಡ. ಹೋಟೆಲಲ್ಲಿ ಕುಣೀತಿದ್ಯಲ್ಲ, ಹಂಗೇ ಎರಡು ಸುತ್ತು ಹಾಕ್ಬಿಡು."

ಕೆರಾನಾಳ ಕೈ ಅಲ್ಲೇ ನಿಂತಿತು. ಬಿಚ್ಚಿದ ಬೂಟನ್ನು ಮತ್ತೆ ಹಾಕಿಕೊಂಡಳು. ದಾರವನ್ನು ಎರಡು ಗಂಟು ಹಾಕಿ ಬಿಗಿದಳು.

"ನಾನು ಕುಣಿದಿದ್ದು ಅಮ್ಮನ ಹೊಟ್ಟೆಗೆ, ಮಾವ. ನೀನು ಕುಣಿಸ್ತಿರೋದು ಯಾರ ಹೊಟ್ಟೆಗೆ?"

"ಜನ ನೋಡ್ತಿದಾರೆ. ಮಾನ ಕಳೀಬೇಡ."

"ನಾನೂ ನೋಡೋಕೆ ಬಂದೋಳೇ. ಎಲ್ಲಿ ನಿಲ್ಲಬೇಕು ಅಂತ ನೀನೇ ಹೇಳಿದ್ಯಲ್ಲ."

ಪಟಕ್ಕೆ ಮುತ್ತಿಟ್ಟು ಅವನ ಕೈಗೆ ವಾಪಸು ಕೊಟ್ಟಳು. ಕೊಡುವಾಗ ಹೆಬ್ಬೆರಳು ಆ ತಗ್ಗನ್ನು ಬಿಡಲಿಲ್ಲ, ಎಳೆದು ಬಿಡಿಸಿಕೊಂಡಳು.

ನಗಾರಿ ನಿಂತಿತು. ಕೆಂಡಕ್ಕೆ ಬೂದಿ ಮುಚ್ಚುವ ತನಕ ಕೆರಾನಾ ಹಗ್ಗದ ಹೊರಗೆ, ಆ ಹೆಬ್ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡು ನಿಂತಿದ್ದಳು.