ನೋಡಿದ್ದು ನಾನೇ ಎಂದವರು

ಅವರ ಬಲಗೈ ಹೆಬ್ಬೆರಳಿಗೆ ತುದಿಯೇ ಇರಲಿಲ್ಲ. ಮೊದಲ ಗೆಣ್ಣಿನ ಹತ್ತಿರ ಚಪ್ಪಟೆಯಾಗಿ, ಉಗುರಿಲ್ಲದೆ, ನುಣ್ಣಗೆ ಮುಗಿದುಹೋಗಿತ್ತು. ಇಟ್ಟಮಡು ಇನ್ನೂ ಹಳ್ಳಿಯಾಗಿದ್ದಾಗ, ಹಸುಗಳಿಗೆ ಮೇವು ಕತ್ತರಿಸುವ ಯಂತ್ರಕ್ಕೆ ಕೊಟ್ಟ ಬೆರಳು ಅದು. ಹೊಲ ಸೈಟಾಯಿತು, ಸೈಟು ಮೂರಂತಸ್ತಿನ ಮನೆಯಾಯಿತು, ಅವರು ಓನರ್ ಆಂಟಿ ಆದರು. ಮೊಬೈಲನ್ನು ಮಾತ್ರ ಕೊನೆತನಕ ನಡುಬೆರಳಿನಿಂದಲೇ ಒತ್ತುತ್ತಿದ್ದರು, ಅದೂ ಕಾಲಿಂಗ್ ಬೆಲ್ ಒತ್ತಿದಷ್ಟು ಜೋರಾಗಿ.

ಅವರ ಮೊದಲ ಮಹಡಿಯಲ್ಲಿ ನಾನೂ ನನ್ನ ಗಂಡನೂ ಆರು ವರ್ಷ ಬಾಡಿಗೆಗಿದ್ದೆವು. ಬೆಂಗಳೂರಿನ ಓನರ್‌ಗಳ ವಿಷಯ ನನಗೆ ಗೊತ್ತಿಲ್ಲದ್ದೇನಲ್ಲ. ಹನುಮಂತನಗರದ ಹಿಂದಿನ ಮನೆಯಲ್ಲಿ, ಯಾರು ಬಂದರು, ಏನು ಅಡುಗೆ, ಬಟ್ಟೆ ಯಾಕೆ ಇಷ್ಟು ಒಣಗಿಹಾಕಿದ್ದೀರಿ ಎಂದು ದಿನಾ ವಿಚಾರಣೆ ನಡೆಯುತ್ತಿತ್ತು. ಈ ಆಂಟಿ ಮಾತ್ರ ಬೇರೆ. ನೀರಿನ ವಿಷಯ ಹೇಳಬೇಕಾದರೂ ಮೆಟ್ಟಿಲ ಕೆಳಗಿನಿಂದಲೇ ಕೂಗಿ, ನಾನು ಓಗೊಟ್ಟ ಮೇಲೆ ಹತ್ತುತ್ತಿದ್ದರು. ಬಾಗಿಲು ತೆರೆದಿದ್ದರೆ ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. "ಎಲ್ರ ಮನೆ ದೋಸೇನೂ ತೂತೇ ಕಣಮ್ಮ, ಎಣಿಸೋಕೆ ನಾವ್ಯಾರು?" ಎನ್ನುವುದು ಅವರ ಮಾತು. ಮದುವೆಯಾಗಿ ಎಷ್ಟು ವರ್ಷ, ಮಕ್ಕಳು ಯಾಕಿಲ್ಲ ಎಂದು ನನ್ನನ್ನು ಕೇಳದ ಹೆಂಗಸು ಆ ಬೀದಿಯಲ್ಲಿ ಅವರೊಬ್ಬರೇ.

ಆ ಬೀದಿಗೆಲ್ಲ ಇಂಟರ್ನೆಟ್ ಹೋಗುತ್ತಿದ್ದುದು ಅವರ ಟೆರೇಸಿನಿಂದ. ಒಂದು ಕಬ್ಬಿಣದ ಕಂಬ, ಅದಕ್ಕೊಂದು ಡಬ್ಬ, ಅಲ್ಲಿಂದ ಮನೆಮನೆಗೆ ಇಳಿಬಿದ್ದ ಕಪ್ಪು ವೈರುಗಳು. ಜಾಗ ಕೊಟ್ಟಿದ್ದಕ್ಕೆ ಕಂಪನಿಯವರು ಆಂಟಿಗೆ ಕನೆಕ್ಷನ್ ಪುಕ್ಕಟೆ ಕೊಟ್ಟಿದ್ದರು. ಒಂಟಿ ಜೀವ, ಅಷ್ಟು ನೆಟ್ ಇಟ್ಟುಕೊಂಡು ಏನು ಮಾಡುತ್ತಾರೆ? ನಾವು ಕೇಳದೆಯೇ ವೈಫೈ ಪಾಸ್‌ವರ್ಡನ್ನು ಕ್ಯಾಲೆಂಡರ್ ಚೂರಿನಲ್ಲಿ ಬರೆಸಿ ಕೊಟ್ಟರು.

ಆ ಹೊತ್ತಿಗೆ ನನಗೆ ಎರಡು ಸಲ ಗರ್ಭಪಾತವಾಗಿತ್ತು. ಅಮ್ಮನಿಗೂ ಹೇಳಿರಲಿಲ್ಲ. ಪಾಠ ಮಾಡುತ್ತಿದ್ದ ಶಾಲೆಯಿಂದ ಬಂದು, ಚಪ್ಪಲಿ ಬಿಡುವ ಮೊದಲೇ ಫೋನ್ ಹಿಡಿದು ಕೂತು, ಚಿಕಿತ್ಸೆ, ಆಸ್ಪತ್ರೆ, ನನ್ನಂಥವರು ಬರೆದುಕೊಂಡ ಕಷ್ಟಗಳು, ಎಲ್ಲ ಓದುತ್ತಿದ್ದೆ. ಜನರಿಗೆ ಹೇಳಲಾಗದ್ದನ್ನು ಹುಡುಕಲು ಅದೊಂದೇ ಜಾಗವಿತ್ತು.

ಒಂದು ಸಂಜೆ ಆಂಟಿ ಕೆಳಗಿನಿಂದ ಕೂಗಿ ಮೇಲೆ ಬಂದರು. ಮುಖ ಸಪ್ಪಗಿತ್ತು.

"ನನಗೊಂದು ಫೋನ್ ಬಂದಿತ್ತು ಕಣಮ್ಮ. ಮಕ್ಕಳಾಗೋ ಟ್ರೀಟ್‌ಮೆಂಟ್ ನೋಡ್ತಾ ಇದೀರಲ್ಲ ಮೇಡಂ, ಮೊದಲ್ನೇ ಸಲ ಫ್ರೀ ಅಂದ ಒಬ್ಬ. ಅರವತ್ತೆರಡಾಯ್ತಪ್ಪ, ಬಾಣಂತನಕ್ಕೆ ನೀನು ಬರ್ತೀಯಾ ಅಂದೆ. ಇಟ್ಬಿಟ್ಟ." ಆಮೇಲೆ ದನಿ ತಗ್ಗಿಸಿದರು. "ಕನೆಕ್ಷನ್ ನನ್ನ ನಂಬರಲ್ಲಿದೆ. ಕಿವಿಗೆ ಬಿದ್ಮೇಲೆ ಮುಚ್ಚಿಟ್ಕೊಳ್ಳೋದು ಸರಿಯಲ್ಲ ಅನ್ನಿಸ್ತು."

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ನಾಲಿಗೆ ಮೊದಲೇ ಹರಿತ. "ವೈಫೈ ಕೊಟ್ಟಿದ್ದು ಇದಕ್ಕಾ ಆಂಟಿ? ನಾವೇನು ನೋಡ್ತೀವಿ ಅಂತ ಪತ್ತೆ ಮಾಡೋಕಾ?" ಎಂದುಬಿಟ್ಟೆ.

ಅವರು ಮೆಟ್ಟಿಲ ಕಡೆ ತಿರುಗಿದರು. "ಇಪ್ಪತ್ತು ವರ್ಷದಿಂದ ಬಾಡಿಗೆ ಕೊಡ್ತಾ ಇದೀನಿ. ಈ ಮಾತನ್ನ ಯಾರೂ ಅಂದಿರ್ಲಿಲ್ಲ" ಎಂದು ಇಳಿದುಹೋದರು. ಬೇರೆ ಮನೆ ಹುಡುಕೋಣ ಎಂದು ನಾನು ಗಂಡನಿಗೆ ಅಂದೇ ಹೇಳಿದೆ.

ಮಾರನೆಯ ದಿನ ಭಾನುವಾರವೂ ಅಲ್ಲ, ಹಬ್ಬವೂ ಅಲ್ಲ. ಆಂಟಿ ಇಸ್ತ್ರಿ ಸೀರೆ ಉಟ್ಟು ಮೆಟ್ಟಿಲ ಕೆಳಗೆ ನಿಂತಿದ್ದರು. "ಇವತ್ತು ರಜಾ ಹಾಕು. ನಿಂಗೆ ಓದೋಕೆ ಬರುತ್ತೆ, ನಂಗೆ ಕೇಳೋಕೆ ಬರುತ್ತೆ. ನಡಿ." ಆ ದನಿಗೆ ಇಲ್ಲವೆನ್ನಲು ನನ್ನ ಕೈಲಾಗಲಿಲ್ಲ.

ಬನಶಂಕರಿಯ ಒಂದು ಬೇಕರಿಯ ಮೇಲೆ ಕಂಪನಿಯ ಆಫೀಸು. ಮ್ಯಾನೇಜರ್ ನಗುನಗುತ್ತಾ ಹಳೆಯ ಅರ್ಜಿ ತೆಗೆಸಿದ. ಕೊನೆಯ ಪುಟದಲ್ಲಿ ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರಗಳು. ನಾನು ಓದಿ ಕನ್ನಡದಲ್ಲಿ ಹೇಳಿದೆ: ಈ ಕನೆಕ್ಷನ್‌ನಲ್ಲಿ ಯಾವ ಯಾವ ಪುಟ ನೋಡುತ್ತಾರೆ ಎನ್ನುವ ವಿವರವನ್ನು ಜಾಹೀರಾತಿನವರಿಗೆ ಕೊಡಲು ನನ್ನ ಒಪ್ಪಿಗೆ ಇದೆ. ಕೆಳಗೆ ಆಂಟಿಯ ಸೊಟ್ಟ ಸಹಿ.

"ನಾನು ಒಪ್ಪಿದ್ದು ವೈರ್ ಎಳೆಯೋಕೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಾನು ಒಂದಿನಾನೂ ನಿಮ್ಮನೆ ಒಳಗೆ ಹಣಿಕಿ ನೋಡಿದವಳಲ್ಲ. ನನ್ನ ಕೈಲಿ ಹಣಿಕಿ ನೋಡಿಸ್ಬಿಟ್ರಲ್ಲಮ್ಮ" ಎಂದರು. ಅವರ ಕಣ್ಣು ತುಂಬಿತ್ತು. ನಾನು ತಲೆ ತಗ್ಗಿಸಿದೆ. ಹಿಂದಿನ ದಿನ ಆಡಿದ ಮಾತನ್ನು ನುಂಗಿಕೊಳ್ಳಲು ಆಗುವಂತಿದ್ದರೆ ಅಲ್ಲೇ ನುಂಗುತ್ತಿದ್ದೆ.

"ಇದೆಲ್ಲ ಕಂಪ್ಯೂಟರ್ರೇ ಮಾಡೋದು ಆಂಟಿ, ಮನುಷ್ಯರು ಯಾರೂ ನೋಡಲ್ಲ" ಎಂದ ಮ್ಯಾನೇಜರ್. "ಬೇಕಾದ್ರೆ ನಿಮ್ಮದೊಂದು ನಿಲ್ಲಿಸಿಕೊಡ್ತೀನಿ."

"ನಂದೊಂದು ಯಾಕೆ? ಬೀದೀಲಿರೋರೆಲ್ಲ ಮನುಷ್ಯರಲ್ವಾ?"

"ಹಂಗೆಲ್ಲ ಆಗಲ್ಲ ಆಂಟಿ."

"ಹಂಗಾದ್ರೆ ಆಗೋಗಂಟ ನನ್ನ ಟೆರೇಸಿಗೆ ನಿನ್ನ ಕಡೆಯೋರು ಕಾಲಿಡಂಗಿಲ್ಲ."

ಮನೆಗೆ ಬಂದವರೇ ಟೆರೇಸಿಗೆ ಬೀಗ ಹಾಕಿದರು. ಪುಕ್ಕಟೆ ಕನೆಕ್ಷನ್ ಹೋಗುತ್ತದೆ ಎಂದು ನಾನು ನೆನಪಿಸಿದರೆ, "ಹೋಗ್ಲಿ, ಅದಿಲ್ದೇನೇ ಅರವತ್ತು ವರ್ಷ ಬದುಕಿದೀನಿ" ಎಂದರು. ನನ್ನಿಂದ ಒಂದು ಮನವಿ ಬರೆಸಿಕೊಂಡು ಮನೆಮನೆಗೆ ಹೊರಟರು. ನಾವು ಏನು ನೋಡುತ್ತೇವೆಂಬುದನ್ನು ಮಾರಬೇಡಿ, ಮಾರುವುದಾದರೆ ಬೇರೆ ಹಾಳೆಯಲ್ಲಿ ಮೊದಲು ಕೇಳಿ ಎಂದಷ್ಟೇ ಅದರಲ್ಲಿದ್ದುದು. ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾಗಲಿ ಎಂದು ಆಂಟಿ ಆ ಫೋನಿನ ಕತೆ ಹೇಳಿದರು. ಆದರೆ ನನ್ನ ಹೆಸರಿಲ್ಲ, ಮೊದಲ ಮಹಡಿಯ ಸುಳಿವೂ ಇಲ್ಲ. "ಏನೋ ಒತ್ತೋಕೆ ಹೋಗಿ ಏನೋ ಒತ್ಬಿಟ್ಟೆ" ಎನ್ನುತ್ತಿದ್ದರು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಹಿ ಹಾಕಿದವರು ಐದೋ ಆರೋ ಮನೆಯವರು.

ನಾಲ್ಕನೇ ದಿನ ಗಾಳಿಗೆ ಯಾವುದೋ ವೈರು ಕಿತ್ತು ಅರ್ಧ ಬೀದಿಗೆ ನೆಟ್ ಹೋಯಿತು. ರಿಪೇರಿಗೆ ಬಂದವನಿಗೆ ಆಂಟಿ ಬೀಗ ತೆಗೆಯಲಿಲ್ಲ. ಮ್ಯಾನೇಜರೇ ಬಂದ. ಬೀದಿಯೆಲ್ಲ ಗೇಟಿನ ಮುಂದೆ ನೆರೆಯಿತು. ಮಗನ ಕ್ಲಾಸಿದೆ, ನನಗೆ ಮೀಟಿಂಗಿದೆ, ಇದೇನು ಹಟ ಆಂಟಿ ಎಂದು ಎಲ್ಲರೂ ರೇಗಿದರು. ಅದನ್ನು ನೋಡಿ ಮ್ಯಾನೇಜರ್‌ಗೆ ಧೈರ್ಯ ಬಂತು.

"ಏನೋ ಒತ್ಬಿಟ್ಟೆ ಅಂತೀರಲ್ಲ ಆಂಟಿ, ಎರಡು ತಿಂಗಳಿಂದ ದಿನಾ ನೋಡಿದಾರೆ. ನಿಮ್ಮ ವೈಫೈಲಿ ಯಾವ ಫೋನಿಂದ ನೋಡಿದ್ದು ಅಂತಾನೂ ನಮ್ಮ ಹತ್ರ ಇರುತ್ತೆ. ತೆಗೆದು ಹೇಳ್ಲಾ?"

ನಾನು ಮೆಟ್ಟಿಲ ಮೇಲಿದ್ದೆ. ಒಂದೆರಡು ತಲೆ ಆಗಲೇ ಮೇಲಕ್ಕೆ, ನನ್ನ ಬಾಗಿಲ ಕಡೆ ತಿರುಗುತ್ತಿದ್ದವು.

"ತೆಗೆಯೋದೇನು? ನೋಡಿದ್ದು ನಾನೇ" ಎಂದರು ಆಂಟಿ, ಇಡೀ ಬೀದಿಗೆ ಕೇಳುವಂತೆ. "ದಿನಾ ನೋಡ್ದೆ. ಈ ವಯಸ್ಸಲ್ಲಿ ಒಂದು ಕೂಸು ಬೇಕು ಅನ್ನಿಸ್ತು. ಏನೀಗ?"

ಬೀದಿ ಗೊಳ್ಳೆಂದಿತು. ಯಾರೋ ಶಿಳ್ಳೆಯನ್ನೂ ಹೊಡೆದರು. ನಗು ಮುಗಿಯುವವರೆಗೂ ಆಂಟಿ ಸೊಂಟದ ಮೇಲೆ ಕೈಯಿಟ್ಟು ಕಾದರು.

"ನಗ್ರಪ್ಪ, ಚೆನ್ನಾಗಿ ನಗ್ರಿ. ಯಾರೂ ನೋಡಲ್ಲ ಅಂದಿದ್ದ ಇವನು. ಈಗ ಯಾವ ಫೋನು ಅಂತ ತೆಗೆದು ಹೇಳ್ತೀನಿ ಅಂತಾನೆ. ನಿಮ್ಮ ಫೋನೂ ಇದೇ ಡಬ್ಬದಿಂದ ತಾನೇ ಹೋಗೋದು? ಕೇಳಿ, ನಿಮ್ಮದೂ ಒಂದೊಂದಾಗಿ ತೆಗೆದು ಹೇಳ್ಲಿ."

ಮ್ಯಾನೇಜರ್ ನಾಲಿಗೆ ಕಚ್ಚಿಕೊಂಡ. ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದೆಂದರೆ ಇದೇ. ಎದುರು ಮನೆಯ ಮೇಷ್ಟ್ರು ಫೋನನ್ನು ಜೇಬಿಗೆ ತುರುಕಿ, "ಎಲ್ಲಿ ಆಂಟಿ, ಆ ಹಾಳೆ ಕೊಡಿ" ಎಂದರು. ಆಮೇಲೆ ಸಹಿಗೆ ಜಾಗ ಸಾಲಲಿಲ್ಲ. ಹಿಂದಿನ ಪುಟಕ್ಕೂ ಹೋಯಿತು.

ಕಂಪನಿಯವರು ಪಕ್ಕದ ಬೀದಿಯಲ್ಲಿ ಟೆರೇಸು ಕೇಳಿದರೆ ಅಲ್ಲಿಯೂ ಯಾರೂ ಕೊಡಲಿಲ್ಲ. ಎರಡು ವಾರ ಅರ್ಧ ಬೀದಿ ನೆಟ್ ಇಲ್ಲದೆ ಗೊಣಗಿತು, ಆದರೆ ಯಾರೂ ಸಹಿ ಹಿಂತೆಗೆದುಕೊಳ್ಳಲಿಲ್ಲ. ಕೊನೆಗೆ ಪತ್ರ ಬಂತು: ನಮ್ಮ ಬೀದಿಯ ಕನೆಕ್ಷನ್‌ಗಳ ವಿವರ ಯಾರಿಗೂ ಕೊಡುವುದಿಲ್ಲ, ಮುಂದೆ ಒಪ್ಪಿಗೆಯನ್ನು ಬೇರೆಯಾಗಿ ಕೇಳುತ್ತೇವೆ. ಆಂಟಿ ಅದನ್ನು ನನ್ನಿಂದ ಮೂರು ಸಲ ಓದಿಸಿ, ಆಮೇಲೆ ಕಂಪನಿಯವರಿಗೆ ಟೆರೇಸಿನ ಬೀಗದ ಕೈ ಕೊಟ್ಟರು. ಊರು ಗೆದ್ದೆವು ಎನ್ನಲಾರೆ. ಒಂದು ಬೀದಿ ಗೆದ್ದೆವು.

ಆದರೆ ನಗು ನಿಲ್ಲಲಿಲ್ಲ. ತರಕಾರಿ ಗಾಡಿಯವನು, "ಆಂಟಿ, ಬಯಕೆಗೆ ಮಾವಿನಕಾಯಿ ಕೊಡ್ಲಾ?" ಎನ್ನುತ್ತಿದ್ದ. "ಎರಡು ಹೆಚ್ಚಿಗೆ ಹಾಕು" ಎಂದು ಅವರೂ ನಗುತ್ತಿದ್ದರು. ನಾನು ಮೇಲೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಇಳಿದು ಹೋಗಿ ಒಂದು ಮಾತು ಹೇಳುವ ಧೈರ್ಯ ನನಗೆ ಒಂದು ದಿನವೂ ಬರಲಿಲ್ಲ. ಕ್ಷಮಿಸಿ ಆಂಟಿ ಎಂದು ಒಮ್ಮೆ ಅತ್ತಾಗ, "ಮನೆ ಖಾಲಿ ಮಾಡಲ್ಲ ತಾನೇ? ಸರಿ ಬಿಡು" ಎಂದಿದ್ದರು.

ಎರಡು ವರ್ಷದ ಮೇಲೆ ಗಂಡನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಹಬ್ಬಕ್ಕೊಮ್ಮೆ ಆಂಟಿ ಫೋನ್ ಮಾಡುತ್ತಿದ್ದರು. ಊಟ ಆಯ್ತಾ, ಸೆಖೆ ಜಾಸ್ತಿನಾ, ಇಷ್ಟೇ. ಕಳೆದ ವರ್ಷ ಅವರು ಹೋದ ಸುದ್ದಿ ಬಂತು. ಹನ್ನೊಂದನೇ ದಿನದ ಊಟಕ್ಕೆ ನಾನೊಬ್ಬಳೇ ಹೋದೆ. ಎಲೆಯ ಮುಂದೆ ಕೂತವರು ಆಂಟಿಯನ್ನು ಪ್ರೀತಿಯಿಂದಲೇ ನೆನೆಯುತ್ತಿದ್ದರು, ಅದೇ ಕತೆ ಹೇಳಿ ನಗುತ್ತಿದ್ದರು: ಅರವತ್ತೆರಡಕ್ಕೆ ಕೂಸು ಬೇಕೆಂದು ದಿನಾ ಹುಡುಕಿದವರು.

ನಾನು ಎದ್ದು ನಿಂತೆ. "ನೋಡಿದ್ದು ಅವರಲ್ಲ, ನಾನು" ಎಂದೆ.

ಯಾರೂ ನಗಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಪಲ್ಯ ಬಡಿಸುತ್ತಿದ್ದ ಹೆಂಗಸು ಸೌಟು ಹಿಡಿದುಕೊಂಡೇ ನನ್ನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು: "ಆಮೇಲೆ ಮಗು ಆಯ್ತಾಮ್ಮ?"

"ಅದನ್ನ ಆಂಟಿ ಸಾಯೋವರೆಗೂ ನನ್ನ ಕೇಳಲಿಲ್ಲ" ಎಂದು ಹೇಳಿ ಊಟಕ್ಕೆ ಕೂತೆ.